ಬೆರಕೆ ಜೀಬ್ರಾ ಫಿಂಚ್: ತಪ್ಪು ಕಲ್ಪನೆ ಮತ್ತು ಸತ್ಯ

ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಒಣಸೀಮೆಯ ಪುಟ್ಟ ಕಾಳುಹಕ್ಕಿ. ತೂಕ ಸುಮಾರು 12 ಗ್ರಾಂ. ಪಂಜರದಲ್ಲಿ ಸಲೀಸಾಗಿ ಮರಿ ಮಾಡುವುದರಿಂದ ಬೂದು, ಬಿಳಿ, ಕಂದು, ಜುಟ್ಟಿನ ಬಗೆಗಳೆಲ್ಲ ಬೆರೆತುಹೋಗಿವೆ. ಸೊಲ್ಲಾಪುರ, ಅಕ್ಕಲಕೋಟದಂಥ ಬಿಸಿಲ ನಾಡಿನಲ್ಲಿ ಇವನ್ನು ಸಾಕುವವರು ತಿಳಿಯಬೇಕಾದ ಸಂಗತಿಗಳು ಇವು.

ತಪ್ಪು ಕಲ್ಪನೆ: ಬಣ್ಣ ಬೆರೆತ ಜೋಡಿಯ ಮರಿಗಳು ಬಂಜೆಯಾಗುತ್ತವೆ.
ಸತ್ಯ: ಬಣ್ಣ ಯಾವುದಿದ್ದರೂ ಪ್ರಭೇದ ಒಂದೇ, ಮರಿಗಳು ಸಂತಾನ ಪಡೆಯಬಲ್ಲವು. ಬಂಜೆತನ ಕಾಣುವುದು ಬಂಗಾಳಿ ಫಿಂಚ್‌ನಂಥ ಬೇರೆ ಪ್ರಭೇದದೊಡನೆ ಬೆರೆತಾಗ. ಬೆರಕೆಗಿಂತ ಹೆಚ್ಚು ಅಪಾಯಕಾರಿ ಎಂದರೆ ಒಂದೇ ಗೂಡಿನ ಅಣ್ಣ-ತಂಗಿಯರನ್ನು ತಲೆಮಾರುಗಟ್ಟಲೆ ಜೋಡಿ ಮಾಡುವುದು.

ತಪ್ಪು ಕಲ್ಪನೆ: ಬಿಳಿ ಮತ್ತು ಬೂದು ಕೂಡಿದರೆ ಅರ್ಧ ಮರಿಗಳು ಬಿಳಿ.
ಸತ್ಯ: ಬಿಳಿ ಬಣ್ಣ ಅಡಗಿ ಸಾಗುವ ಗುಣ. ಬೂದು ಹಕ್ಕಿಯಲ್ಲಿ ಆ ಗುಣ ಇಲ್ಲದಿದ್ದರೆ ಮರಿಗಳೆಲ್ಲ ಬೂದಾಗಿ, ಬಿಳಿಯನ್ನು ಒಳಗೇ ಹೊತ್ತಿರುತ್ತವೆ. ಕಂದು ಬಣ್ಣದ್ದು ಬೇರೆ ಲೆಕ್ಕ: ಕಂದು ಗಂಡಿಗೆ ಬೂದು ಹೆಣ್ಣು ಕೂಡಿದರೆ ಹೆಣ್ಣುಮರಿಗಳು ಕಂದು, ಗಂಡುಮರಿಗಳು ಬೂದು.

ತಪ್ಪು ಕಲ್ಪನೆ: ಜುಟ್ಟಿಗೆ ಜುಟ್ಟು ಕೂಡಿದರೆ ಒಳ್ಳೆಯ ಜುಟ್ಟು.
ಸತ್ಯ: ತಂದೆ-ತಾಯಿ ಇಬ್ಬರಿಂದಲೂ ಜುಟ್ಟಿನ ಗುಣ ಪಡೆದ ಭ್ರೂಣ ಬದುಕುವುದಿಲ್ಲ, ಸರಾಸರಿ ನಾಲ್ಕು ಮೊಟ್ಟೆಗಳಲ್ಲಿ ಒಂದು ನಷ್ಟ. ಜುಟ್ಟಿನ ಹಕ್ಕಿಗೆ ಜುಟ್ಟಿಲ್ಲದ್ದೇ ಸರಿಜೋಡಿ.

ತಪ್ಪು ಕಲ್ಪನೆ: ಮರುಭೂಮಿಯ ಹಕ್ಕಿಗೆ ಸೊಲ್ಲಾಪುರದ ಬಿಸಿಲೇನು ಮಹಾ!
ಸತ್ಯ: 2009ರ ಜನವರಿಯ ಬಿಸಿಗಾಳಿಗೆ ಪಶ್ಚಿಮ ಆಸ್ಟ್ರೇಲಿಯಾದಲ್ಲೇ ಇವು ಸಾವಿರಗಟ್ಟಲೆ ಸತ್ತವು. ಕಾಡಿನ ಹಕ್ಕಿ ನೆರಳು, ನೀರು ಹುಡುಕಿ ಹಾರುತ್ತದೆ. ಪಂಜರದ್ದಕ್ಕೆ ಆ ದಾರಿಯಿಲ್ಲ. ಏಪ್ರಿಲ್–ಮೇನಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ, ಪತ್ರಾಸ್ ಚಾವಣಿಯಡಿ ಇನ್ನೂ ಹೆಚ್ಚು. ಹಕ್ಕಿ ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಏದುತ್ತಿದ್ದರೆ ಕೂಡಲೇ ನೆರಳಿಗೆ ಸರಿಸಿ ತಣ್ಣೀರಿಡಬೇಕು.

ತಪ್ಪು ಕಲ್ಪನೆ: ಮನೆಯ ಜೋಳವೊಂದೇ ಸಾಕು.
ಸತ್ಯ: ಈ ಕೊಕ್ಕಿಗೆ ಜೋಳದ ಕಾಳು ದಪ್ಪ. ನವಣೆ, ಸಾಮೆ ಹೊಂದುತ್ತವೆ. ಮರಿಗಳಿರುವಾಗ ಮೊಳಕೆಕಾಳು, ಬೇಯಿಸಿದ ಮೊಟ್ಟೆ, ಸುಣ್ಣದಂಶಕ್ಕೆ ಪುಡಿಮಾಡಿದ ಮೊಟ್ಟೆಚಿಪ್ಪು ಬೇಕು.

ತಪ್ಪು ಕಲ್ಪನೆ: ಗೂಡು ಸದಾ ಇರಲಿ, ಮರಿ ಹೆಚ್ಚುತ್ತವೆ.
ಸತ್ಯ: ಗೂಡು ಕಂಡರೆ ಈ ಜೋಡಿ ವರ್ಷವಿಡೀ ಮೊಟ್ಟೆಯಿಡುತ್ತದೆ. ಸುಣ್ಣದಂಶ ಬರಿದಾದ ಹೆಣ್ಣಿನ ಹೊಟ್ಟೆಯಲ್ಲೇ ಮೊಟ್ಟೆ ಸಿಕ್ಕಿಕೊಂಡು ಪ್ರಾಣ ಹೋಗಬಹುದು. ವರ್ಷಕ್ಕೆ ಎರಡು ಮೂರು ಸಲ ಮರಿ ಮಾಡಿಸಿ ಗೂಡು ತೆಗೆಯಬೇಕು.

ತಪ್ಪು ಕಲ್ಪನೆ: ಹೊಲದ ಮುನಿಯವನ್ನೂ ಹಿಡಿದು ಇವುಗಳ ಜೊತೆ ಸಾಕಬಹುದು.
ಸತ್ಯ: ಮುನಿಯಗಳು ಇಲ್ಲಿನ ಕಾಡುಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವನ್ನು ಹಿಡಿಯುವುದೂ ಮಾರುವುದೂ ಅಪರಾಧ.