ಮನಸ್ಸು ಕಳವಳಗೊಂಡಾಗ ಕರುಳಿನ ಗಡ್ಡೆ ಕೆರಳುವುದೇಕೆ?

ಭಯವಾದಾಗ ಹೊಟ್ಟೆಯಲ್ಲಿ ತಳಮಳವಾಗುವುದು, ಸಿಟ್ಟು ಬಂದಾಗ ಮುಖ ಕೆಂಪೇರುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿಗಳು. ಸ್ವಲ್ಪ ಹೊತ್ತಿನಲ್ಲಿ ಅವು ತಾವಾಗಿಯೇ ಶಮನಗೊಳ್ಳುತ್ತವೆ. ಆದರೆ ಅಲ್ಪ ಕಳವಳಕ್ಕೂ ಮುಖ, ಕುತ್ತಿಗೆ, ಎದೆಯ ಮೇಲ್ಭಾಗಗಳು ಕೆಂಪಾಗಿ ಕಾದು, ಬೆನ್ನಿಗೇ ನೀರಿನಂಥ ಭೇದಿಯಾಗಿ, ಎದೆ ಡವಡವಗುಟ್ಟುವ ಕೆಲವು ರೋಗಿಗಳಿದ್ದಾರೆ. ಇಂಥವರಲ್ಲಿ ಅನೇಕರು ರೋಗದ ನಿಜವಾದ ಹೆಸರು ತಿಳಿಯುವ ಮೊದಲು ವರ್ಷಗಟ್ಟಲೆ ಅಲೆದಿರುತ್ತಾರೆ. ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವ ಕಾಲದ ತೊಂದರೆ ಎಂದೂ, ಉಳಿದವರಿಗೆ ಅಸ್ತಮಾ ಅಥವಾ ಸೂಕ್ಷ್ಮ ಕರುಳೆಂದೂ, ಎಲ್ಲರಿಗೂ ಒಟ್ಟಾಗಿ ‘ಟೆನ್ಷನ್ ಜಾಸ್ತಿ’ ಎಂದೂ ಹೇಳಿ ಕಳುಹಿಸುವುದು ವಾಡಿಕೆ. ಆ ಮಾತು ಪೂರ್ತಿ ಸುಳ್ಳಲ್ಲ, ಅದರ ಅಪಾಯವಿರುವುದೂ ಅಲ್ಲಿಯೇ. ಲಕ್ಷಣಗಳನ್ನು ಕೆರಳಿಸಿದ್ದು ಕಳವಳವೇ ಇರಬಹುದು. ಆದರೆ ಒಳಗೆ ಕೆರಳಿದ ವಸ್ತು ಯಾವುದು ಎಂಬ ಪ್ರಶ್ನೆ ಕೇಳದೆಯೇ ಉಳಿಯುತ್ತದೆ.

ನಮ್ಮ ಜೀರ್ಣಾಂಗದ ಒಳಪೊರೆಯಲ್ಲಿ ಅಲ್ಲಲ್ಲಿ ಚದುರಿಕೊಂಡಿರುವ ವಿಶೇಷ ಜೀವಕೋಶಗಳಿವೆ. ಅರ್ಧ ನರದಂತೆ, ಅರ್ಧ ಗ್ರಂಥಿಯಂತೆ ವರ್ತಿಸುವ ಇವು ಹಾರ್ಮೋನುಗಳನ್ನು ತಯಾರಿಸಿ ಕೂಡಿಟ್ಟುಕೊಂಡು, ಸೂಚನೆ ಬಂದಾಗ ಬಿಡುಗಡೆ ಮಾಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಸೆರೊಟೋನಿನ್. ಇದನ್ನು ಮಿದುಳಿಗೆ ಸಂಬಂಧಿಸಿದ ವಸ್ತುವೆಂದೇ ಬಹುಮಂದಿ ಬಲ್ಲರಾದರೂ, ದೇಹದಲ್ಲಿರುವ ಸೆರೊಟೋನಿನ್‌ನ ಶೇ. 90ಕ್ಕೂ ಹೆಚ್ಚು ಪಾಲು ಇರುವುದು ಕರುಳಿನಲ್ಲಿ. ಈ ಕೋಶಗಳಿಂದ ಹುಟ್ಟುವ ಗಡ್ಡೆಗಳಿಗೆ ‘ನ್ಯೂರೋಎಂಡೋಕ್ರೈನ್’ ಗಡ್ಡೆಗಳೆಂದು ಹೆಸರು. 1907ರಲ್ಲಿ ಜರ್ಮನಿಯ ರೋಗವಿಜ್ಞಾನಿ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಇವನ್ನು ‘ಕಾರ್ಸಿನಾಯ್ಡ್’, ಅಂದರೆ ಕ್ಯಾನ್ಸರನ್ನು ಹೋಲುವಂಥವು ಎಂದು ಕರೆದರು. ನಿಧಾನವಾಗಿ ಬೆಳೆಯುವ ಇವು ನಿರಪಾಯಕಾರಿ ಎಂಬುದು ಆಗಿನ ಭಾವನೆ. ಇವು ಬೇರೆಡೆಗೆ ಹರಡಬಲ್ಲವೆಂಬುದು ಮುಂದೆ ಸ್ಪಷ್ಟವಾಯಿತು.

ಸಣ್ಣ ಕರುಳಿನ ಗಡ್ಡೆ ಹೆಚ್ಚುವರಿ ಸೆರೊಟೋನಿನ್ ಸುರಿಸಿದರೂ ಮೊದಮೊದಲು ರೋಗಿಗೆ ಏನೂ ತೋರದು. ಕರುಳಿನ ರಕ್ತವೆಲ್ಲ ಮೊದಲು ಯಕೃತ್ತಿಗೆ ಹೋಗುತ್ತದೆ, ಯಕೃತ್ತು ಆ ಹಾರ್ಮೋನನ್ನು ಒಡೆದುಹಾಕುತ್ತದೆ. ಗಡ್ಡೆಯ ಬೀಜಗಳು ಯಕೃತ್ತಿಗೇ ಹರಡಿದ ಬಳಿಕ ಈ ಕಾವಲು ತಪ್ಪಿ, ಹಾರ್ಮೋನುಗಳು ನೇರವಾಗಿ ಹೃದಯದ ಬಲಭಾಗಕ್ಕೆ ಹರಿಯುತ್ತವೆ. ಆಗ ಮುಖದ ಕೆಂಪು, ಭೇದಿ, ಉಬ್ಬಸ, ಬಲ ಹೃದಯದ ಕವಾಟಗಳು ದಪ್ಪಗಟ್ಟುವಿಕೆ ಕಾಣಿಸಿಕೊಳ್ಳುತ್ತವೆ. ಈ ಲಕ್ಷಣಗಳ ಕೂಟವನ್ನು ಸ್ವೀಡನ್ನಿನ ವೈದ್ಯರು 1954ರಲ್ಲಿ ವಿವರವಾಗಿ ದಾಖಲಿಸಿದರು.

ಇನ್ನು ಕಳವಳದ ಪಾತ್ರಕ್ಕೆ ಬರೋಣ. ಭಯ, ಕೋಪ, ನೋವು, ಅತಿಶ್ರಮ ಉಂಟಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ, ನರತುದಿಗಳಿಂದ ನಾರ್‌ಅಡ್ರಿನಲಿನ್ ಹೊಮ್ಮುತ್ತದೆ. ಹೃದಯಕ್ಕೆ ವೇಗ, ಸ್ನಾಯುಗಳಿಗೆ ಬಲ ಕೊಡುವುದು ಇವುಗಳ ಕೆಲಸ. ಆದರೆ ಸೆರೊಟೋನಿನ್ ತಯಾರಿಸುವ ಕರುಳಿನ ಕೋಶಗಳ ಮೇಲೂ ಅಡ್ರಿನಲಿನ್ನನ್ನು ಗುರುತಿಸುವ ಗ್ರಾಹಿಗಳಿವೆ. ಬಾಗಿಲಿನ ಗಂಟೆ ಒತ್ತಿದಂತೆ ಅಡ್ರಿನಲಿನ್ ಅಲ್ಲಿ ತಗುಲಿದೊಡನೆ ಕೋಶದೊಳಗೆ ಸಂಕೇತಗಳ ಸರಣಿ ಆರಂಭವಾಗಿ, ಕೂಡಿಟ್ಟ ಹಾರ್ಮೋನು ಹೊರಚೆಲ್ಲುತ್ತದೆ. ಆರೋಗ್ಯವಂತರಲ್ಲಿ ಆ ಪ್ರಮಾಣ ಅಲ್ಪ. ಗಡ್ಡೆಯಲ್ಲಿ ಇಂಥ ಕೋಶಗಳ ರಾಶಿಯೇ ಇರುವುದರಿಂದ ಅದೇ ಗಂಟೆಗೆ ಪ್ರವಾಹವೇ ಹರಿದುಬರುತ್ತದೆ. ಸೆರೊಟೋನಿನ್ ಒಂದೇ ಅಲ್ಲ. ರಕ್ತನಾಳಗಳನ್ನು ಹಿಗ್ಗಿಸುವ ಬ್ರಾಡಿಕೈನಿನ್‌ನಂಥ ವಸ್ತುಗಳೂ ಉತ್ಪತ್ತಿಯಾಗುತ್ತವೆ, ಮುಖ ಕೆಂಪೇರುವುದರಲ್ಲಿ ಅವುಗಳ ಪಾಲು ದೊಡ್ಡದು.

ಇದು ಕೇವಲ ಊಹೆಯಲ್ಲ. 1960ರ ದಶಕದಲ್ಲಿ ವೈದ್ಯರು ಸಂಶಯವಿದ್ದ ರೋಗಿಯ ರಕ್ತನಾಳಕ್ಕೆ ಅತ್ಯಲ್ಪ ಅಡ್ರಿನಲಿನ್ ಚುಚ್ಚಿ, ಮುಖ ಕೆಂಪೇರುವುದೇ ಎಂದು ನೋಡಿ ರೋಗವನ್ನು ಗುರುತಿಸುತ್ತಿದ್ದರು. ಹೆಚ್ಚು ಸುರಕ್ಷಿತ ಪರೀಕ್ಷೆಗಳು ಬಂದಿರುವುದರಿಂದ ಈಗ ಅದರ ಅಗತ್ಯವಿಲ್ಲ. ಮದ್ಯ, ಭಾರೀ ಊಟ, ಅತಿಯಾದ ದೈಹಿಕ ಶ್ರಮ ಇವೂ ಲಕ್ಷಣಗಳನ್ನು ಕೆರಳಿಸುತ್ತವೆ. ಆದ್ದರಿಂದ ಈ ರೋಗವುಳ್ಳ ಭಕ್ತರು ಜಾತ್ರೆಯ ದಿನ ಪಾದಯಾತ್ರೆ ಮಾಡಿ ಬಳಲಿ, ಆ ಕೂಡಲೇ ದಾಸೋಹದಲ್ಲಿ ಹೊಟ್ಟೆಬಿರಿಯ ಉಣ್ಣುವುದು ತರವಲ್ಲ. ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಪ್ರಸಾದ ಸ್ವೀಕರಿಸುವುದು ಲೇಸು.

ಈ ಜ್ಞಾನ ಪ್ರಾಣ ಉಳಿಸುವುದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ಅಲ್ಲಿ ರೋಗಿಯ ಭಯ, ಗಂಟಲಿಗೆ ನಳಿಕೆ ಇಳಿಸುವ ಕ್ರಿಯೆ, ಗಡ್ಡೆಯನ್ನು ಮುಟ್ಟಿ ಒತ್ತುವುದು ಎಲ್ಲವೂ ಒಟ್ಟುಗೂಡುತ್ತವೆ. ಒಮ್ಮೆಲೇ ಹಾರ್ಮೋನು ಸುರಿದು ರಕ್ತದೊತ್ತಡ ಕುಸಿಯಬಹುದು ಇಲ್ಲವೆ ಏರಬಹುದು, ಶ್ವಾಸನಾಳಗಳು ಬಿಗಿಯಬಹುದು. ರಕ್ತದೊತ್ತಡ ಕುಸಿದಾಗ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ಔಷಧಿಗಳಲ್ಲಿ ಅಡ್ರಿನಲಿನ್ ಒಂದು. ಇಲ್ಲಿ ಅದೇ ಬೆಂಕಿಗೆ ತುಪ್ಪವಾಗುವ ಸಂಭವವುಂಟು. ಆದುದರಿಂದ ಅರಿವಳಿಕೆ ತಜ್ಞರು ಮೊದಲೇ ರೋಗಿಯ ಆತಂಕ ತಗ್ಗಿಸಿ, ಆಕ್ಟ್ರಿಯೋಟೈಡ್ ಎಂಬ ಔಷಧಿಯನ್ನು ಸಿದ್ಧವಾಗಿಟ್ಟುಕೊಳ್ಳುತ್ತಾರೆ. 1973ರಲ್ಲಿ ಗುರುತಿಸಲಾದ ಸೊಮ್ಯಾಟೋಸ್ಟಾಟಿನ್ ಎಂಬ ದೇಹದ್ದೇ ಆದ ತಡೆಹಾರ್ಮೋನನ್ನು ಅನುಕರಿಸುವ ಔಷಧಿಯಿದು. ಅಡ್ರಿನಲಿನ್ ಗಂಟೆ ಒತ್ತಿದರೆ ಇದು ಬಾಗಿಲಿಗೆ ಅಗಳಿ ಹಾಕುತ್ತದೆ. ತಿಂಗಳಿಗೊಮ್ಮೆ ಕೊಡುವ ಇದರ ಚುಚ್ಚುಮದ್ದಿನಿಂದ ಅನೇಕರ ದೈನಂದಿನ ಬಾಧೆ ಹತೋಟಿಗೆ ಬರುತ್ತದೆ.

ರೋಗ ಖಚಿತವಾದವರು ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ತಪ್ಪದೆ ತಿಳಿಸಬೇಕು. ಹಲ್ಲಿನ ವೈದ್ಯರಿಗೂ ಹೇಳಬೇಕು. ವಸಡು ಜಡಗೊಳಿಸುವ ಚುಚ್ಚುಮದ್ದಿನಲ್ಲಿ ಹಲವು ವೇಳೆ ಅಡ್ರಿನಲಿನ್ ಬೆರೆತಿರುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಉಬ್ಬಸಕ್ಕೆ ಬಳಸುವ ಸಾಲ್ಬುಟಮಾಲ್‌ನಂಥ ಇನ್‌ಹೇಲರುಗಳೂ ಅದೇ ಬಗೆಯ ಗ್ರಾಹಿಗಳನ್ನು ತಟ್ಟುವುದರಿಂದ, ವೈದ್ಯರ ಸಲಹೆಯಿಲ್ಲದೆ ಅವನ್ನು ಬಳಸಬಾರದು.

ಹಾಗಾದರೆ ಶಾಂತಚಿತ್ತದಿಂದಿದ್ದರೆ ರೋಗ ಹೋಗುವುದೆ? ಇಲ್ಲ. ಧ್ಯಾನ, ದೀರ್ಘ ಉಸಿರಾಟ, ನಿಯಮಿತ ನಿದ್ರೆಗಳಿಂದ ಕೆರಳುವ ಸಂದರ್ಭಗಳು ಕಡಿಮೆಯಾಗಬಹುದು. ಗಡ್ಡೆ ಕರಗದು. ಚಿಂತೆ ಮಾಡಿದ್ದರಿಂದಲೇ ಗಡ್ಡೆ ಹುಟ್ಟಿತು ಎಂಬುದಕ್ಕೂ ಆಧಾರವಿಲ್ಲ. ಮನೆಯವರು ಇದನ್ನು ಮುಖ್ಯವಾಗಿ ಅರಿಯಬೇಕು. ‘ಮನಸ್ಸಿಗೆ ಹಚ್ಚಿಕೊಂಡು ರೋಗ ತಂದುಕೊಂಡೆ’ ಎಂದು ತಾಯಿಯನ್ನೋ ಸೊಸೆಯನ್ನೋ ದೂರಿದರೆ ಆ ಮಾತಿನ ನೋವೇ ಮತ್ತೊಂದು ಬಾರಿ ಅಡ್ರಿನಲಿನ್ ಸುರಿಸುತ್ತದೆ.

ಬೆವರಿಲ್ಲದೆ ಮುಖ ಪದೇಪದೇ ಕೆಂಪೇರುವುದು, ಉಪವಾಸವಿದ್ದರೂ ನಿಲ್ಲದ ಭೇದಿ, ಇವೆರಡೂ ಜೊತೆಗಿದ್ದರೆ ವೈದ್ಯರನ್ನು ಕಂಡು ಈ ರೋಗದ ಬಗ್ಗೆ ನೇರವಾಗಿ ಕೇಳಿರಿ. ಮುಟ್ಟು ನಿಲ್ಲುವ ಕಾಲದ ಕಾವಿನಲ್ಲಿ ಸಾಮಾನ್ಯವಾಗಿ ಬೆವರು ಇರುತ್ತದೆ. 24 ಗಂಟೆಗಳ ಮೂತ್ರವನ್ನು ಸಂಗ್ರಹಿಸಿ, ಸೆರೊಟೋನಿನ್ ಒಡೆದು ಉಂಟಾಗುವ ವಸ್ತುವನ್ನು ಅಳೆಯುವುದು ಮೊದಲ ಪರೀಕ್ಷೆಗಳಲ್ಲೊಂದು. ಅದಕ್ಕೆ ಎರಡು ಮೂರು ದಿನ ಮುಂಚಿನಿಂದ ಬಾಳೆಹಣ್ಣು, ಅನಾನಸ್, ಟೊಮೆಟೊ, ಬದನೆಕಾಯಿ, ಅಕ್ರೋಟುಗಳನ್ನು ಬಿಡಬೇಕು. ಅವುಗಳಲ್ಲಿಯೇ ಸೆರೊಟೋನಿನ್ ಇರುವುದರಿಂದ, ಅವನ್ನು ತಿಂದವರ ಮೂತ್ರದಲ್ಲಿ ಗಡ್ಡೆಯಿಲ್ಲದಿದ್ದರೂ ಪ್ರಮಾಣ ಹೆಚ್ಚಾಗಿ ತೋರೀತು.