ಹಾಲಿನ ಸಸಾರಜನಕವೂ ಮಕ್ಕಳ ಬೆಳವಣಿಗೆಯೂ

ಹಸುವಿನ ಹಾಲು ಮಕ್ಕಳಿಗೆ ಪುಷ್ಟಿಕರವೆಂಬುದನ್ನು ಅರಿಯದವರು ನಮ್ಮ ಗ್ರಾಮಗಳಲ್ಲಿ ಇಲ್ಲ. ಆದರೂ ಹಸುಗಳನ್ನು ಸಾಕಿದ ಮನೆಯಲ್ಲಿಯೇ ಹಾಲೆಲ್ಲವೂ ಮಾರಾಟಕ್ಕೆ ಹೋಗಿ, ಮಕ್ಕಳ ಪಾಲಿಗೆ ಕಾಫಿಯ ಬಣ್ಣ ತಿರುಗಿಸುವಷ್ಟು ಮಾತ್ರ ಉಳಿಯುವುದುಂಟು. ಬೆಣ್ಣೆ ಕಡೆಯುವ ಮನೆಗಳಲ್ಲಿ ತುಪ್ಪವನ್ನು ಜೋಪಾನವಾಗಿಟ್ಟು, ಮಜ್ಜಿಗೆಯನ್ನು ಕಲಗಚ್ಚಿಗೆ ಸುರಿಯುವುದೂ ಉಂಟು. ಹಾಲಿನ ಯಾವ ಯಾವ ಅಂಶಗಳು ಮಗುವನ್ನು ಬೆಳೆಸುವುವೆಂಬುದನ್ನು ತಿಳಿದರೆ ಈ ಎರಡು ನಷ್ಟಗಳನ್ನೂ ತಪ್ಪಿಸಬಹುದು.

ನೂರು ಪಾಲು ಹಸುವಿನ ಹಾಲಿನಲ್ಲಿ ಸುಮಾರು ೮೭ ಪಾಲು ನೀರು. ಉಳಿದುದರಲ್ಲಿ ಕೊಬ್ಬು, ಸಕ್ಕರೆ, ಲವಣಗಳೊಡನೆ ಮೂರು ಪಾಲಿಗೆ ಸ್ವಲ್ಪ ಮೇಲ್ಪಟ್ಟು ಸಸಾರಜನಕ, ಅಂದರೆ ಪ್ರೋಟೀನು, ಇರುವುದು. ಇದರ ಐದರಲ್ಲಿ ನಾಲ್ಕು ಭಾಗವು ಕೇಸೀನ್. ಹುಳಿ ಹಿಂಡಿದಾಗ ಗಟ್ಟಿಯಾಗಿ ಒಡೆದು ಬರುವುದು ಮುಖ್ಯವಾಗಿ ಇದೇ. ದೇಹವನ್ನು ಕಟ್ಟುವುದಕ್ಕೆ ಅವಶ್ಯವಾದ ಅಮೈನೋ ಆಮ್ಲಗಳೆಲ್ಲವೂ ಹಾಲಿನ ಸಸಾರಜನಕದಲ್ಲಿವೆ. ಅಕ್ಕಿ, ರಾಗಿ, ಜೋಳಗಳಲ್ಲಿ ಇವುಗಳ ಪೈಕಿ ಲೈಸೀನ್ ಎಂಬುದು ಸಾಲದು. ಹಾಲಿನಲ್ಲಿ ಅದು ಧಾರಾಳವಾಗಿದೆ. ಆದುದರಿಂದ ಮುದ್ದೆಗೆ ಮಜ್ಜಿಗೆ, ಅನ್ನಕ್ಕೆ ಮೊಸರು ಎಂಬ ನಮ್ಮ ಹಿರಿಯರ ಊಟದ ಕ್ರಮವು ಶಾಸ್ತ್ರಸಮ್ಮತವಾದುದು. ಎಲುಬು ಹಲ್ಲುಗಳಿಗೆ ಬೇಕಾದ ಸುಣ್ಣದ ಅಂಶವೂ ಹಾಲಿನಲ್ಲಿ ಯಥೇಚ್ಛವಾಗಿರುವುದು.

ಇದು ಪರೀಕ್ಷೆಗಳಿಂದಲೂ ತಿಳಿದುಬಂದಿದೆ. ಇಂಗ್ಲೆಂಡಿನ ಡಾಕ್ಟರ್ ಕೋರಿ ಮ್ಯಾನ್ ಎಂಬವರು ಬಾಲಕರ ವಸತಿಗೃಹವೊಂದರಲ್ಲಿ ನಡೆಸಿದ ಪರೀಕ್ಷೆಯ ವರದಿಯು ೧೯೨೬ರಲ್ಲಿ ಪ್ರಕಟವಾಯಿತು. ಎಂದಿನ ಊಟವನ್ನು ಮಾತ್ರ ಪಡೆದ ಬಾಲಕರು ಒಂದು ವರ್ಷದಲ್ಲಿ ಸರಾಸರಿ ೧.೮೪ ಅಂಗುಲ ಬೆಳೆದರು. ಅದೇ ಊಟದೊಡನೆ ದಿನಕ್ಕೆ ಒಂದು ಪಿಂಟು, ಎಂದರೆ ಅರ್ಧ ಲೀಟರಿಗೆ ತುಸು ಹೆಚ್ಚು, ಹಾಲು ಕುಡಿದವರು ೨.೬೩ ಅಂಗುಲ ಬೆಳೆದರು. ಕೇಸೀನನ್ನು ಮಾತ್ರ ಬೇರ್ಪಡಿಸಿ ಕೊಟ್ಟವರಲ್ಲಿ ಈ ಫಲವು ಕಾಣಲಿಲ್ಲ. ಒಂದೇ ಒಂದು ಅಂಶವಲ್ಲ, ಹಾಲಿನಲ್ಲಿ ಕೂಡಿಬಂದ ಹಲವು ಅಂಶಗಳು ಒಟ್ಟಾಗಿ ಬೆಳವಣಿಗೆಗೆ ನೆರವಾಗುವುವೆಂದು ಇದರಿಂದ ಗ್ರಹಿಸಬೇಕು.

ನಮಗೆ ಇನ್ನೂ ಹತ್ತಿರವಾದುದು ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯದ ಕೆಲಸ. ೧೯೩೦ರ ದಶಕದಲ್ಲಿ ಡಾಕ್ಟರ್ ಆಯ್ಕ್ರಾಯ್ಡ್ ಮತ್ತು ಅವರ ಸಹೋದ್ಯೋಗಿಗಳು ದಕ್ಷಿಣದೇಶದ ಮಕ್ಕಳಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನು ಕದಡಿ ಕೊಡಿಸಲಾಗಿ, ಎತ್ತರವೂ ತೂಕವೂ ಹೆಚ್ಚಿದುವು. ಕೆನೆ ಹೋದರೂ ಸಸಾರಜನಕವೂ ಸುಣ್ಣದ ಅಂಶವೂ ಉಳಿಯುವುದೇ ಇದಕ್ಕೆ ಕಾರಣ. ಮಜ್ಜಿಗೆಯೂ ಇಂತಹುದೇ. ಬೆಣ್ಣೆಯನ್ನು ಮಾರಿದರೂ ಮಜ್ಜಿಗೆಯು ಮನೆಯಲ್ಲಿದ್ದರೆ ಮಗುವಿನ ಪಾಲು ಬಹುಮಟ್ಟಿಗೆ ಉಳಿದಂತೆಯೇ. ಆದರೆ ನೀರು ಹೆಚ್ಚಿದಷ್ಟೂ ಸತ್ತ್ವವು ಕಡಿಮೆಯಾಗುವುದರಿಂದ ಮಕ್ಕಳಿಗೆ ಗಟ್ಟಿ ಮಜ್ಜಿಗೆಯನ್ನೇ ಬಡಿಸತಕ್ಕದ್ದು. ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವ ಮಕ್ಕಳಿಗೆ ಮೊಸರು ಮಜ್ಜಿಗೆಗಳು ಸಾಮಾನ್ಯವಾಗಿ ಹೆಚ್ಚು ಒಗ್ಗುವುವು.

ಕೆಲವು ಎಚ್ಚರಿಕೆಗಳೂ ಅಗತ್ಯ. ಆರು ತಿಂಗಳವರೆಗೆ ಶಿಶುವಿಗೆ ತಾಯಿಯ ಹಾಲೇ ಆಹಾರ. ಹಸುವಿನ ಹಾಲಿನಲ್ಲಿ ಸಸಾರಜನಕವು ತಾಯಿಯ ಹಾಲಿನ ಸುಮಾರು ಮೂರರಷ್ಟಿರುವುದರಿಂದ ಎಳೆಯ ಮೂತ್ರಪಿಂಡಗಳಿಗೆ ಭಾರ. ಒಂದು ವರ್ಷ ತುಂಬುವ ಮೊದಲು ಅದನ್ನು ತಾಯಿಯ ಹಾಲಿಗೆ ಬದಲಾಗಿ ಕುಡಿಸಬಾರದು. ಎರಡು ವರ್ಷದೊಳಗಿನ ಮಗುವಿಗೆ ಕೊಬ್ಬೂ ಬೇಕಾದುದರಿಂದ ಕೆನೆ ತೆಗೆಯದ ಹಾಲನ್ನೇ ಕೊಡಬೇಕು. ಹಾಲಿನಲ್ಲಿ ಕಬ್ಬಿಣದ ಅಂಶವು ಅತ್ಯಲ್ಪ. ಹಾಲಿನಿಂದಲೇ ಹೊಟ್ಟೆ ತುಂಬಿಸಿದ ಮಗುವು ರಕ್ತಹೀನತೆಗೆ ಗುರಿಯಾಗಬಹುದು. ಸೊಪ್ಪು, ಬೇಳೆ, ಕಾಳುಗಳು ಜೊತೆಗಿರಲಿ. ದೊಡ್ಡ ಮಕ್ಕಳಿಗೆ ದಿನಕ್ಕೆ ಒಂದೆರಡು ಲೋಟ ಹಾಲು ಸಾಕು. ಹಸಿ ಹಾಲಿನಿಂದ ಕ್ಷಯ ಮೊದಲಾದ ರೋಗಗಳು ಹರಡಬಹುದಾದ್ದರಿಂದ ಹಾಲನ್ನು ಚೆನ್ನಾಗಿ ಕಾಯಿಸದೆ ಕೊಡಕೂಡದು. ಹಾಲು ಕುಡಿದೊಡನೆ ಮೈಯಲ್ಲಿ ದದ್ದು, ವಾಂತಿ, ಏದುಸಿರು ಕಂಡ ಮಗುವನ್ನು ವೈದ್ಯರಿಗೆ ತೋರಿಸತಕ್ಕದ್ದು.

ಕರ್ನಾಟಕ ಸರ್ಕಾರವು ೨೦೧೩ರಲ್ಲಿ ಕ್ಷೀರಭಾಗ್ಯವೆಂಬ ಯೋಜನೆಯನ್ನು ಆರಂಭಿಸಿ, ಶಾಲೆಯ ಮಕ್ಕಳಿಗೆ ತಲಾ ೧೫೦ ಮಿಲಿಲೀಟರ್ ಹಾಲನ್ನು ಗೊತ್ತುಮಾಡಿತು. ಇದರಿಂದ ಮನೆಯ ಹೊಣೆಯು ತೀರಿತೆಂದು ಭಾವಿಸಲಾಗದು. ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಮನೆಯಲ್ಲಿ ಮೊದಲು ಮಕ್ಕಳ ಪಾಲನ್ನು ಅಳೆದಿಟ್ಟು, ಮಿಕ್ಕ ಹಾಲನ್ನು ಮಾರಾಟಕ್ಕೆ ಕಳುಹಿಸುವ ಪದ್ಧತಿಯನ್ನು ಇಟ್ಟುಕೊಂಡರೆ ಊರಿನ ಇತರರೂ ಅನುಸರಿಸುವರು. ಮಿಕ್ಕ ಮಜ್ಜಿಗೆಯನ್ನು ಕಲಗಚ್ಚಿಗೆ ಸುರಿಯದೆ, ಕರಾವು ಇಲ್ಲದ ನೆರೆಮನೆಯ ಮಕ್ಕಳಿಗೆ ಕೊಡಿಸುವುದು ಖರ್ಚಿಲ್ಲದ ಉಪಕಾರ. ಎಳೆತನದಲ್ಲಿ ಕುಂದಿದ ಬೆಳವಣಿಗೆಯನ್ನು ಮುಂದೆ ಪೂರ್ಣವಾಗಿ ತುಂಬಿಕೊಡುವುದು ಬಹು ಕಷ್ಟ. ಆದಕಾರಣ ಈ ವಿಷಯದಲ್ಲಿ ಉದಾಸೀನ ಸಲ್ಲದು.