ಒಂದು ಸೋಲಿಗೇ ವಾಪಸ್ ಬಸ್: ಅಂತರ ಕಾಲೇಜು ಕಬಡ್ಡಿಗೆ ನ್ಯಾಯವಾಗಿ ಟೈಸ್ ಹಾಕೋದು ಹೇಗೆ?

ಕಡೂರು: ಅಂತರ ಕಾಲೇಜು ಕಬಡ್ಡಿ ಟೂರ್ನಿ ಅಂದ್ರೆ ಕಡೂರು, ತರೀಕೆರೆ, ಅಜ್ಜಂಪುರದ ಡಿಗ್ರಿ ಹುಡುಗರಿಗೆ ದೊಡ್ಡ ಅವಕಾಶ. ಆದರೆ ನಾಕೌಟ್ ಆದರೆ ಮೊದಲ ಪಂದ್ಯ ಸೋತವರು ಬ್ಯಾಗ್ ಕಟ್ಟಬೇಕು. 20 ನಿಮಿಷದ ಎರಡು ಅವಧಿ, ಒಟ್ಟು 40 ನಿಮಿಷ. ಯೂನಿವರ್ಸಿಟಿ ತಂಡಕ್ಕೆ ಆಯ್ಕೆ ಮಾಡುವವರ ಕಣ್ಣಿಗೆ ಒಬ್ಬ ಒಳ್ಳೆಯ ರೈಡರ್ ಬೀಳೋದೂ ಅಷ್ಟೇ ಹೊತ್ತು. ಹಾಗಾಗಿ ಯಾರ ಎದುರು ಯಾರು ಅನ್ನೋದು ಸಣ್ಣ ವಿಷಯವಲ್ಲ.

ಎಲ್ಲರೂ ಎಲ್ಲರ ಜೊತೆ ಆಡಿದರೆ ತಕರಾರೇ ಇರಲ್ಲ ನಿಜ. ಆದರೆ ಲೆಕ್ಕ ನೋಡಿ. 12 ತಂಡ ಬಂದರೆ ಲೀಗ್‌ಗೆ 66 ಪಂದ್ಯ ಬೇಕು, ನಾಕೌಟ್‌ಗೆ 11 ಸಾಕು. ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿ ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆ. ಸೊರಬದಿಂದಲೋ ಮೂಡಿಗೆರೆಯಿಂದಲೋ ಬಂದವರನ್ನು ವಾರಗಟ್ಟಲೆ ಉಳಿಸಿಕೊಳ್ಳೋಕಾಗುತ್ತಾ?

ಇದು ನಮ್ಮೊಬ್ಬರ ತಲೆನೋವಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 'ಬಿಗ್ ಟೆನ್' ಅಂತ ಒಂದು ಕೂಟ ಇದೆ. ಹೆಸರಲ್ಲಿ ಹತ್ತು, 2024ರಿಂದ ಇರೋದು 18 ತಂಡ! ಕೂಟದೊಳಗೆ ಒಂದು ತಂಡ ಆಡೋದು 9 ಪಂದ್ಯ, ಅಂದ್ರೆ ಉಳಿದ 8 ತಂಡಗಳ ಮುಖವನ್ನೇ ಆ ವರ್ಷ ನೋಡಲ್ಲ. ಗಟ್ಟಿ ಎದುರಾಳಿಗಳು ಯಾರ ಪಾಲಿಗೆ ಬಂದರು ಅನ್ನೋದರ ಮೇಲೆ ಪಟ್ಟಿಯೇ ತಿರುಗುಮುರುಗಾಗಬಹುದು. ಐಪಿಎಲ್‌ನಲ್ಲೂ 10 ತಂಡಗಳಾದ ಮೇಲೆ ಐದು ತಂಡದ ಜೊತೆ ಎರಡೆರಡು, ನಾಲ್ಕರ ಜೊತೆ ಒಂದೊಂದೇ ಪಂದ್ಯ.

ನಮ್ಮ ಕಬಡ್ಡಿಗೆ ಹೊಂದೋದು ಗುಂಪು ಪದ್ಧತಿ. 12 ತಂಡವನ್ನು ಮೂರು ಮೂರರಂತೆ ನಾಲ್ಕು ಗುಂಪು ಮಾಡಿದರೆ, ಸೆಮಿಫೈನಲ್, ಫೈನಲ್ ಸೇರಿ 15 ಪಂದ್ಯ. ನಾಕೌಟ್‌ಗಿಂತ ನಾಲ್ಕೇ ಹೆಚ್ಚು! ಎರಡು ಅಂಕಣ ಇದ್ದರೆ ಎರಡು ದಿನದಲ್ಲಿ ಮುಗಿಯುತ್ತೆ, ಪ್ರತಿ ತಂಡಕ್ಕೂ ಎರಡು ಪಂದ್ಯ ಗ್ಯಾರಂಟಿ.

ಚೀಟಿ ಎತ್ತೋ ಮೊದಲೇ ಮಾಡಬೇಕಾದ ಕೆಲಸ ಇದೆ. ಹೋದ ವರ್ಷ ಸೆಮಿಫೈನಲ್ ಆಡಿದ ನಾಲ್ಕು ತಂಡ ಒಂದೊಂದು ಗುಂಪಿಗೆ. ಆಮೇಲೆ ಅಕ್ಕಪಕ್ಕದ ಊರಿನವರನ್ನು ಬೇರೆ ಮಾಡಬೇಕು. ಕಡೂರಿನ ಹುಡುಗರು ಸಾಗರದವರೆಗೆ ಹೋಗಿ ಬೀರೂರಿನವರ ಜೊತೆಗೇ ಆಡೋದಾದರೆ ಅಷ್ಟು ದೂರ ಹೋಗಿದ್ಯಾಕೆ? ಇನ್ನುಳಿದವರಿಗೆ ಚೀಟಿ, ಅದೂ ಎಲ್ಲ ತಂಡದ ಮ್ಯಾನೇಜರ್‌ಗಳ ಎದುರಿಗೇ.

ಮೂರರ ಗುಂಪಿಗೂ ಒಂದು ಕೊಂಕಿದೆ. ಕೊನೇ ಪಂದ್ಯದ ಹೊತ್ತಿಗೆ ಒಂದು ತಂಡದ ಆಟ ಮುಗಿದಿರುತ್ತೆ. ಉಳಿದಿಬ್ಬರು ತಮಗೆ ಬೇಕಾದಷ್ಟೇ ಪಾಯಿಂಟ್ ಲೆಕ್ಕ ಹಾಕಿ ಆಡಬಹುದು. 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಮೊದಲು ಮೂರರ ಗುಂಪು ಅಂದಿದ್ದ ಫಿಫಾ, 2023ರಲ್ಲಿ ನಾಲ್ಕರ ಗುಂಪಿಗೆ ಬದಲಾಯಿಸಿತು. ನಮ್ಮಲ್ಲಿ ಅಷ್ಟು ಪಂದ್ಯಕ್ಕೆ ಜಾಗವಿಲ್ಲ. ಸುಲಭದ ದಾರಿ ಅಂದ್ರೆ, ಮೊದಲ ಪಂದ್ಯ ಸೋತವರನ್ನೇ ಎರಡನೆಯದಕ್ಕೆ ಇಳಿಸೋದು. ಗೆದ್ದವರು ಕೊನೆಗೆ ಮತ್ತೆ ಆಡಬೇಕಿರೋದರಿಂದ ಗುಂಪಿನ ಸ್ಥಾನ ಮೊದಲೇ ತೀರ್ಮಾನ ಆಗಲ್ಲ. ಆದರೆ ಸೋತವರಿಗೆ ಉಸಿರಾಡೋಕೆ ಬಿಡುವು ಕೊಡಲೇಬೇಕು, ಬೇರೆ ಗುಂಪಿನ ಪಂದ್ಯಗಳನ್ನು ಮಧ್ಯೆ ಹಾಕಿದರೆ ಆಯ್ತು.

ಊರಿಗೆ ಹೋಗೋ ಹೊತ್ತನ್ನೂ ನೋಡಬೇಕು. ಅಜ್ಜಂಪುರದಿಂದ ತರೀಕೆರೆಗೆ ರೈಲಲ್ಲಿ ಹೋಗೋದಾದರೆ ಬೀರೂರು ಸುತ್ತಿಯೇ ಹೋಗಬೇಕು. ಕೊನೇ ಬಸ್ ತಪ್ಪೋ ತಂಡದ ಪಂದ್ಯವನ್ನು ಸಂಜೆಗೆ ಇಡದಿರೋದೂ ಟೈಸ್ ಹಾಕೋರ ಕೆಲಸವೇ.